ಮದ್ರಾಸಿನ ಚಳಿ

ಮದ್ರಾಸಿನಲ್ಲಿ ಉಣ್ಣೆಯ ಕಂಬಳಿ ಕೊಂಡ ಮನೆ ನಮ್ಮದೊಂದೇ ಇರಬೇಕು. ಕೊಂಡದ್ದು ನನಗಾಗಿ. ಪೆರಂಬೂರಿನ ನಮ್ಮ ಓಣಿಯಲ್ಲಿ ಬೇಸಿಗೆ ಬಂತೆಂದರೆ ಗಂಡಸರು ಒದ್ದೆ ಟವಲನ್ನು ಬೆನ್ನಿಗೆ ಹಾಕಿಕೊಂಡು ಜಗುಲಿಯ ಮೇಲೆ ಉರುಳುತ್ತಿದ್ದರು. ಹೆಂಗಸರು ಬೀಸಣಿಗೆ ಹಿಡಿದು ಹಗಲೆಲ್ಲ ಬಿಸಿಲನ್ನು ಬೈಯುತ್ತಿದ್ದರು. ಆ ಹೊತ್ತಿನಲ್ಲಿ, ಇನ್ನೂ ಲಂಗ ಉಡುತ್ತಿದ್ದ ನಾನು ಮನೆಯೊಳಗೆ, ಮುಚ್ಚಿದ ಕಿಟಕಿಯ ಕೆಳಗೆ, ಕಂಬಳಿ ಹೊದ್ದು, ಮಂಚದಡಿ ಕೆಂಡದ ಅಗ್ಗಿಷ್ಟಿಕೆ ಇಟ್ಟುಕೊಂಡು ಬೇಯುತ್ತಿದ್ದೆ. ಯಾಕೆಂದರೆ ನನಗೆ ಚಳಿಯ ಕಾಯಿಲೆ ಇತ್ತು. ಹಾಗೆಂದು ಮನೆಯ ಹಿರಿಯರು ತೀರ್ಮಾನ ಮಾಡಿದ್ದರು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಸೆಕೆಯಾಗುತ್ತಿದೆ ಎನ್ನುತ್ತಿದ್ದೆ.

ನಾವು ಕನ್ನಡದವರು. ಮುತ್ತಜ್ಜನ ಕಾಲಕ್ಕೇ ಮದ್ರಾಸಿಗೆ ಬಂದು ಬೇರೂರಿದ ವೈಷ್ಣವ ಮನೆತನ. ಮನೆಯೊಳಗೆ ಕನ್ನಡ, ಹೊಸಲು ದಾಟಿದರೆ ತಮಿಳು, ಅಪ್ಪನ ಆಫೀಸಿನಲ್ಲಿ ಇಂಗ್ಲಿಷು. ಸಂಜೆ ಊಟಕ್ಕೆ ಕೂರುವ ಹೊತ್ತಿಗೆ ಮೂರೂ ಕಲೆತು ಹುಳಿಯನ್ನದ ಹಾಗಾಗಿರುತ್ತಿತ್ತು. ಕಿಟಕಿಗೆ ನಾವು ಜನ್ನಲ್ ಎನ್ನುತ್ತಿದ್ದೆವು, ಅದು ಕನ್ನಡವೆಂದೇ ನಾನು ಬಹಳ ದಿನ ನಂಬಿದ್ದೆ. ಮನೆಯಲ್ಲಿ ನಾವು ನಾಲ್ಕೇ ಜನ. ಅಪ್ಪ ರೈಲ್ವೆ ವರ್ಕ್‌ಶಾಪಿನ ಕಚೇರಿಯಲ್ಲಿ ಗುಮಾಸ್ತ. ಅಮ್ಮ ಅಡುಗೆಮನೆಯಲ್ಲಿ. ನಾನೊಬ್ಬಳೇ ಮಗಳು. ನಮ್ಮೆಲ್ಲರ ಮೇಲೆ ಅಪ್ಪನ ಅಮ್ಮ, ನನ್ನ ಅಜ್ಜಿ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಕೆಂಪು ಸೀರೆ ಉಟ್ಟು, ಮಡಿಯಲ್ಲೇ ಹಗಲು ಬೈಗು ಕಳೆಯುತ್ತಿದ್ದ ಹೆಂಗಸು. ಮನೆಯಲ್ಲಿ ಕೊನೆಯ ಮಾತು ಅಜ್ಜಿಯದು. ಎಷ್ಟೋ ಸಲ ಮೊದಲನೆಯದೂ ಅವರದೇ.

ಚಳಿ ನಮ್ಮ ಮನೆಗೆ ಬಂದದ್ದು ಡಾಕ್ಟರ ಬಾಯಿಂದ. ಒಂದು ದೀಪಾವಳಿಯ ಪಟಾಕಿ ಮುಗಿದು ಓಣಿಯೆಲ್ಲ ಗಂಧಕದ ವಾಸನೆ ಹೊಡೆಯುತ್ತಿದ್ದಾಗ ನನಗೆ ಇದ್ದಕ್ಕಿದ್ದಂತೆ ಉಸಿರು ಸಿಕ್ಕಿಕೊಂಡಿತು. ಎದೆಯೊಳಗಿಂದ ಸುಂಯ್ ಸುಂಯ್ ಎಂದು ಸದ್ದು. ಅಪ್ಪ ಪಕ್ಕದ ಬೀದಿಯ ತಮಿಳು ಡಾಕ್ಟರನ್ನು ಕರೆತಂದರು. ಅವರು ಬೆನ್ನಿಗೆ ಕೊಳವೆ ಇಟ್ಟು ಕೇಳಿ, ತಲೆ ಆಡಿಸಿ, "ನೆಂಜುಲ ಸಳಿ ಕಟ್ಟಿಯಿರುಕ್ಕು" ಎಂದರು. ಸಳಿ ಎಂದರೆ ತಮಿಳಿನಲ್ಲಿ ಕಫ. ಎದೆಯಲ್ಲಿ ಕಫ ಕಟ್ಟಿದೆ ಎಂದಷ್ಟೇ ಮಾತಿನ ಅರ್ಥ. ಆಮೇಲೆ ಅವರು "ಕೂಡವೇ ಇಳುಪ್ಪು..." ಎಂದು ಇನ್ನೊಂದು ಮಾತು ಶುರು ಮಾಡಿದರು. ಇಳುಪ್ಪು ಎಂದರೆ ಉಬ್ಬಸ. ಆ ಮಾತು ಪೂರ್ತಿ ಹೊರಗೆ ಬರುವಷ್ಟರಲ್ಲಿ ಬಾಗಿಲ ಮರೆಯಲ್ಲಿದ್ದ ಅಜ್ಜಿ ಗಟ್ಟಿಯಾಗಿ ಕೆಮ್ಮಿದರು.

"ಕೇಳಿಸ್ತೇನೋ? ಚಳಿಯಂತೆ. ಮಗೂಗೆ ಎದೇಲಿ ಚಳಿ ಸೇರ್ಕೊಂಡಿದೆಯಂತೆ. ನಾನು ಹೇಳ್ಲಿಲ್ವಾ? ಡಾಕ್ಟರಿಗೆ ಕಾಫಿ ಕೊಟ್ಟು ಕಳಿಸು."

ಡಾಕ್ಟರಿಗೆ ಕನ್ನಡ ಬಾರದು. ತಾವು ಹೇಳಿದ ಮಾತೇ ಒಳಗಿನಿಂದ ತಿರುಗಿ ಬಂದಂತೆ ಕೇಳಿಸಿ, "ಆಮಾ, ಆಮಾ" ಎಂದು ತಲೆದೂಗಿದರು. ಕಾಫಿ ಬಂತು. ಇಳುಪ್ಪು ಕಾಫಿಯ ಜೊತೆ ಅವರ ಹೊಟ್ಟೆಗೇ ಹೋಯಿತು. ಅಂದಿನಿಂದ ನನಗೆ ಇದ್ದದ್ದು ಚಳಿ. ಪಾಪ, ವಯಸ್ಸಾದವರು, ತಮಿಳಿನ ಸಳಿ ಕನ್ನಡದ ಚಳಿಯಾಗಿ ಕಿವಿಗೆ ಬಿತ್ತು ಎಂದು ಅಮ್ಮ ಅಂದುಕೊಂಡಳು. ಬೆಳಿಗ್ಗೆ ಸೊಪ್ಪಿನವಳ ಹತ್ತಿರ ಅಜ್ಜಿ ಆಡುತ್ತಿದ್ದ ತಮಿಳಿಗೆ ಸೊಪ್ಪಿನವಳೇ ಬುಟ್ಟಿ ಇಳಿಸಿ ಸೋಲೊಪ್ಪಿಕೊಳ್ಳುತ್ತಿದ್ದಳು ಎನ್ನುವುದು ಆಗ ಯಾರಿಗೂ ನೆನಪಾಗಲಿಲ್ಲ.

ಉಬ್ಬಸ ಎಂಬ ಮಾತಿಗೆ ನಮ್ಮ ಮನೆಯಲ್ಲಿ ಪ್ರವೇಶವೇ ಇರಲಿಲ್ಲ. ಹೆಣ್ಣುಮಗುವಿಗೆ ಆ ಹೆಸರು ಒಮ್ಮೆ ಅಂಟಿತೋ, ಅವಳ ಜಾತಕ ಹಿಡಿದು ಯಾವ ಮನೆಯ ಮೆಟ್ಟಿಲೂ ಹತ್ತುವಂತಿಲ್ಲ. ಚಳಿಯಾದರೆ ಹಾಗಲ್ಲ. ಚಳಿ ಯಾರಿಗಾದರೂ ಬರುತ್ತದೆ, ಹೋಗುತ್ತದೆ, ಮಾನವಂತರ ಕಾಯಿಲೆ. ಆದರೆ ಹೆಸರಿಟ್ಟ ಮೇಲೆ ಹೆಸರಿಗೆ ತಕ್ಕ ಮದ್ದು ಮಾಡಬೇಕಲ್ಲ. ಚಳಿಗೆ ಮದ್ದು ಬಿಸಿ. ಬಿಸಿ ಎಂದರೆ ಬೆಂಕಿ, ಬೆಂಕಿ ಎಂದರೆ ಹೊಗೆ. ಹೀಗೆ ನನ್ನ ಉಸಿರು ಕಟ್ಟಿಸುತ್ತಿದ್ದ ವಸ್ತುವನ್ನೇ ನನಗೆ ಹೊತ್ತು ಹೊತ್ತಿಗೆ ಔಷಧಿಯಾಗಿ ಕೊಡುವ ಏರ್ಪಾಡಾಯಿತು.

ಮೊದಲು ಹಾಸಿಗೆ ಜಾಗ ಬದಲಿಸಿತು. ಮನೆಯಲ್ಲಿ ಎಲ್ಲಕ್ಕಿಂತ ಬೆಚ್ಚಗಿನ ಸ್ಥಳ ಯಾವುದು? ಅಡುಗೆಮನೆಯ ಪಕ್ಕದ ಸಣ್ಣ ಕೋಣೆ. ಮಡಿಯ ಒಲೆಗೆ ಸೌದೆ, ಬೆರಣಿ ಬಿಟ್ಟು ಬೇರೇನೂ ಸೇರದು. ಸೀಮೆಎಣ್ಣೆ ಸ್ಟೌವನ್ನು ಅಜ್ಜಿ ಹೆಸರೆತ್ತಿದರೇ ಮೂಗು ಮುಚ್ಚಿಕೊಳ್ಳುತ್ತಿದ್ದರು. ಡಿಪೋದಿಂದ ಬರುತ್ತಿದ್ದ ಸೌದೆ ಮುಕ್ಕಾಲು ಪಾಲು ಹಸಿ. ಅಮ್ಮ ಊದುಗೊಳವೆ ಹಿಡಿದು, ಕಣ್ಣಲ್ಲಿ ನೀರು ಸುರಿಸುತ್ತ ಊದುತ್ತಿದ್ದಳು. ಒಲೆಯ ಹೊಗೆ ಅವಳನ್ನು ಒಂದು ಸುತ್ತು ಸುತ್ತಿ, ನನ್ನ ಕೋಣೆಗೆ ಬಂದು ತಂಗುತ್ತಿತ್ತು. ಚಳಿಗಾಳಿ ನುಗ್ಗಬಾರದೆಂದು ಜನ್ನಲಿನ ಸಂದಿಗೆಲ್ಲ ಹಳೆಯ ಪಂಚೆ ತುರುಕಿದ್ದರು. ಹೊಗೆಗೆ ಹೊರಗೆ ಹೋಗಲು ದಾರಿಯಿಲ್ಲ, ನನಗೂ ಇಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂರುತ್ತಿದ್ದೆವು.

ಸಂಜೆ ಸಾಂಬ್ರಾಣಿ. ತಲೆಗೆ ನೀರು ಹಾಕಿಕೊಂಡ ದಿನ ಕೂದಲಿಗೆ ಹೊಗೆ ಹಿಡಿಸುವುದು ಎಲ್ಲರ ಮನೆಯಲ್ಲೂ ಇತ್ತು. ನಮ್ಮಲ್ಲಿ ಅದು ನನ್ನ ಎದೆಗೂ ವಿಸ್ತರಣೆಯಾಯಿತು. ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ, ಮೇಲೆ ಬಿದಿರ ಬುಟ್ಟಿ ಬೋರಲು ಹಾಕಿ, ಅದರ ಮೇಲೆ ನನ್ನನ್ನು ಬಗ್ಗಿಸಿ, "ಚೆನ್ನಾಗಿ ಎಳ್ಕೋ ಕಂದ" ಎಂದು ಅಜ್ಜಿ, ಆಗ ಮಾತ್ರ ಮಡಿ ಬದಿಗಿಟ್ಟು, ಬೆನ್ನು ಸವರುತ್ತಿದ್ದರು. ಎಳೆದುಕೊಳ್ಳುತ್ತಿದ್ದೆ. ಎಳೆದುಕೊಂಡದ್ದು ವಾಪಸು ಬರುತ್ತಿರಲಿಲ್ಲ. ಕಣ್ಣು ಮೇಲಕ್ಕೆ ಸಿಕ್ಕಿಕೊಂಡಾಗ, "ನೋಡಿದೆಯಾ, ಚಳಿ ಹೊರಗೆ ಬರೋಕೆ ಹೇಗೆ ಹಟ ಮಾಡ್ತಿದೆ" ಎಂದು ಇನ್ನೊಂದು ಚಿಟಿಕೆ ಉದುರಿಸುತ್ತಿದ್ದರು. ಅರಿಶಿನದ ಕೊಂಬನ್ನು ದೀಪಕ್ಕೆ ಹಿಡಿದು ಅದರ ಹೊಗೆಯನ್ನು ಮೂಗಿಗೆ ಹಿಡಿಯುವುದೂ ಇತ್ತು. ಸೊಳ್ಳೆಗೆಂದು ಬೇವಿನ ಸೊಪ್ಪು ಸುಡುವುದು ಬೇರೆ. ಇಷ್ಟರ ಮೇಲೆ ದೇವರ ಕೋಣೆಯ ಧೂಪ, ಕರ್ಪೂರ, ಸಾರಿನ ಒಗ್ಗರಣೆಗೆ ಬೀಳುವ ಬ್ಯಾಡಗಿ ಮೆಣಸಿನಕಾಯಿ.

ಇದಾವುದೂ ಹೊಗೆಯಲ್ಲ ಎನ್ನುವುದು ನಮ್ಮ ಮನೆಯ ಸಿದ್ಧಾಂತ. ಧೂಪದ್ದು ದೇವರದು, ಒಲೆಯದ್ದು ಅನ್ನ ಕೊಡುವುದು. ಇನ್ನು ಮನೆಯ ಹಿಂದಿನ ಹಳಿಗಳ ಮೇಲೆ ಹಗಲೂ ಇರುಳೂ ಶಂಟಿಂಗ್ ಮಾಡುತ್ತಿದ್ದ ರೈಲು ಇಂಜಿನ್ನುಗಳದ್ದು. ಹಿತ್ತಲಲ್ಲಿ ಮಡಿಬಟ್ಟೆ ಒಣಗಿಹಾಕಿದರೆ ಸಂಜೆಗೆ ಅದರ ಮೇಲೆ ಕಲ್ಲಿದ್ದಲ ಮಸಿ ಎಳ್ಳು ಚೆಲ್ಲಿದ ಹಾಗೆ ಬಿದ್ದಿರುತ್ತಿತ್ತು. ಅಪ್ಪ ಅದರ ಬಗ್ಗೆ ಒಂದು ಮಾತೂ ಕೇಳಲು ತಯಾರಿರಲಿಲ್ಲ. "ಅದು ಗವರ್ನ್‌ಮೆಂಟ್ ಹೊಗೆ. ಅದರಿಂದ ಯಾರಿಗೂ ಏನೂ ಆಗಲ್ಲ" ಎನ್ನುತ್ತಿದ್ದರು. ಅಪ್ಪನ ಪಾಲಿಗೆ ಇದ್ದ ಕೆಟ್ಟ ಹೊಗೆ ಒಂದೇ, ಓಣಿಯ ಮೂಲೆಯಲ್ಲಿ ದರ್ಜಿ ಸೇದುತ್ತಿದ್ದ ಬೀಡಿಯದು. ಒಂದು ದಿನ ಅಲ್ಲಿಗೇ ಹೋಗಿ, ಮನೆಯಲ್ಲಿ ಚಳಿ ಹಿಡಿದ ಮಗುವಿದೆ, ಬೀಡಿ ಆರಿಸು ಎಂದು ರೇಗಿದರು. ದರ್ಜಿ ಆರಿಸಿದ. ಆರಿಸಿ ತಲೆಯೆತ್ತಿದವನಿಗೆ ನಮ್ಮ ಮನೆಯ ಹೆಂಚಿನ ಸಂದುಗಳಿಂದೆಲ್ಲ ಹೊಗೆ ಏಳುತ್ತಿರುವುದು ಕಾಣಿಸಿ, ಬೆಂಕಿ ಬಿದ್ದಿದೆಯೆಂದು ಗಾಬರಿಯಾಗಿ ಬಕೆಟ್ಟು ಹಿಡಿದು ಓಡಿ ಬಂದ. ಅಮ್ಮ ಅವನಿಗೆ ಮಜ್ಜಿಗೆ ಕೊಟ್ಟು ಕಳಿಸಿದಳು. ಅವನ ಮೂರ್ಖತನಕ್ಕೆ ಅಪ್ಪ ವಾರವೆಲ್ಲ ನಕ್ಕರು.

ಭೋಗಿ ಹಬ್ಬ ಬಂದರೆ ನನ್ನ ಗ್ರಹಚಾರ. ಸಂಕ್ರಾಂತಿಯ ಹಿಂದಿನ ದಿನ ಬೆಳಗಾಗುವುದಕ್ಕೆ ಮುಂಚೆ ಮದ್ರಾಸಿನವರೆಲ್ಲ ಹಳೆ ಚಾಪೆ, ಮುರಿದ ಮೊರ, ಹರಿದ ಬುಟ್ಟಿ, ಕೈಗೆ ಸಿಕ್ಕಿದ್ದನ್ನೆಲ್ಲ ಬೀದಿಗೆ ತಂದು ಸುಡುತ್ತಿದ್ದರು. ಅಂದು ಊರಿಗೆ ಊರೇ ಕಾಣುತ್ತಿರಲಿಲ್ಲ. ವರ್ಷದಲ್ಲಿ ಒಂದು ದಿನವಾದರೂ ಬಿಟ್ಟಿಯಾಗಿ ಇಷ್ಟು ಬೆಂಕಿ ಸಿಗುವಾಗ ಬಿಡುವುದುಂಟೇ? ಅಜ್ಜಿಯ ಅಪ್ಪಣೆಯಂತೆ ಒಂದು ವರ್ಷ ಅಪ್ಪ ನನ್ನನ್ನು ಕಂಬಳಿ ಸಮೇತ ಎತ್ತಿಕೊಂಡು ಹೋಗಿ, ನಾಲ್ಕು ಮನೆಯ ಹಳೆ ಚಾಪೆ ಉರಿಯುತ್ತಿದ್ದ ರಾಶಿಯ ಮುಂದೆ ಕೂರಿಸಿದರು. ಆ ವರ್ಷ ಪೊಂಗಲ್ಲಿನ ಕಬ್ಬು ನಾನು ತಿನ್ನಲಿಲ್ಲ. ಮಲಗಿಯೇ ಹಬ್ಬ ಕಳೆದೆ. ಚಳಿಯೆಲ್ಲ ಒಮ್ಮೆಗೇ ಕಿತ್ತು ಬರುತ್ತಿದೆ ಎಂದು ಮನೆಯವರು ಸಮಾಧಾನ ಮಾಡಿಕೊಂಡರು.

ತಿನ್ನಬಾರದ್ದರ ಮಾತು ಎತ್ತಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಮೊಸರು ಚಳಿ, ಬಾಳೆಹಣ್ಣು ಚಳಿ, ಸೌತೆಕಾಯಿ ಚಳಿ, ಎಳನೀರು ಚಳಿ, ಸೀಬೆಹಣ್ಣು ಕೇಳಲೇಬೇಡಿ. ಸಮುದ್ರವಂತೂ ಚಳಿಯ ತವರುಮನೆ. ಮದ್ರಾಸಿನಲ್ಲಿ ಹುಟ್ಟಿದ ಹುಡುಗಿ ಸಮುದ್ರವನ್ನು ಬಸ್ಸಿನ ಕಿಟಕಿಯಿಂದ, ಅದೂ ಮಫ್ಲರಿನ ಸಂದಿಯಿಂದ ನೋಡಿ ಬೆಳೆದೆ.

ಶಾಲೆಯಿಂದ ಒಮ್ಮೆ ನಮ್ಮನ್ನು ಎಗ್ಮೋರಿನ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದರು. ದೊಡ್ಡ ದೊಡ್ಡ ಹಜಾರ, ಎತ್ತರದ ಚಾವಣಿ, ತೆರೆದ ಕಿಟಕಿಗಳು. ಕಲ್ಲಿನ ದೇವರುಗಳಿಗೆ ಅಲ್ಲಿ ಧೂಪವಿಲ್ಲ, ದೀಪವಿಲ್ಲ, ನೈವೇದ್ಯವೂ ಇಲ್ಲ. ನಾನು ಮಹಡಿ ಹತ್ತಿದೆ, ಇಳಿದೆ, ಮತ್ತೆ ಹತ್ತಿದೆ. ಎದೆ ಸದ್ದು ಮಾಡಲಿಲ್ಲ. ಓಡಬೇಡ ಎಂದು ಟೀಚರು ಬೈದಾಗ ಖುಷಿಯಾಯಿತು, ಯಾಕೆಂದರೆ ಓಡಿದ್ದಕ್ಕೆ ಬೈಸಿಕೊಂಡದ್ದು ಅದೇ ಮೊದಲು. ಮನೆಗೆ ಬಂದವಳೇ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅಲ್ಲಿ ನಂಗೆ ಚಳಿ ಆಗಲೇ ಇಲ್ಲ" ಎಂದೆ.

ಅಜ್ಜಿ ಒಡನೆಯೇ ಕಾರಣ ಹೇಳಿದರು. "ಕಲ್ಲಿನ ಕಟ್ಟಡ ನೋಡು, ಒಳಗೆ ಬೆಚ್ಚಗಿರತ್ತೆ."

ಅಮ್ಮ ಊದುಗೊಳವೆ ಕೆಳಗಿಟ್ಟು ಮೆಲ್ಲಗೆ, "ಅತ್ತೆ, ಹೊಗೆ..." ಎಂದಳು.

"ಹೋಗೆ!" ಎಂದರು ಅಜ್ಜಿ.

ಅಮ್ಮ ಒಂದು ಅಕ್ಷರವನ್ನು ಮೋಟಾಗಿ ಹೇಳಿದಳು, ಅಜ್ಜಿ ಅದನ್ನೇ ಎಳೆದು ತಿರುಗಿ ಕೊಟ್ಟರು. ವಾದ ಅಲ್ಲಿಗೆ ಮುಗಿಯಿತು. ಅಮ್ಮ ಮತ್ತೆ ಊದುಗೊಳವೆ ಎತ್ತಿಕೊಂಡಳು. ಆದರೆ ಅಂದಿನಿಂದ ಅಜ್ಜಿ ಸ್ನಾನಕ್ಕೆ ಹೋದ ಹೊತ್ತು ನೋಡಿ ನನ್ನನ್ನು ಹಿತ್ತಲಿಗೆ ಕಳಿಸುತ್ತಿದ್ದಳು. "ತುಳಸಿಗೆ ನೀರು ಹಾಕಿ ಬಾ, ಬೇಗ ಬರಬೇಡ" ಎನ್ನುತ್ತಿದ್ದಳು. ನಮ್ಮ ಮನೆಯ ತುಳಸಿ ಆ ನೀರಿಗೆ ಕೊಳೆತು ಎರಡು ಸಲ ಸತ್ತಿತು.

ಅಜ್ಜಿಯ ಪ್ರಾಣಾಯಾಮದ ವಿಷಯ ಇಲ್ಲಿ ಹೇಳಬೇಕು. ಬೆಳಗಿನ ಜಾವ ಓಣಿಯಲ್ಲಿ ಹಾಲಿನವನ ಸೈಕಲ್ ಗಂಟೆ ಕೇಳುವ ಹೊತ್ತಿಗೆ ಅಜ್ಜಿ ಎದ್ದು ಮುಂಬಾಗಿಲ ಜಗುಲಿಗೆ ಬಂದು ಕೂರುತ್ತಿದ್ದರು. ಗೋಡೆಗೆ ಒರಗುತ್ತಿರಲಿಲ್ಲ. ಎರಡೂ ಅಂಗೈ ಮೊಣಕಾಲ ಮೇಲೆ ಊರಿ, ಭುಜ ಎತ್ತಿ, ಸ್ವಲ್ಪ ಮುಂದಕ್ಕೆ ಬಾಗಿ, ತುಟಿ ಮೊನಚು ಮಾಡಿ ಉಸಿರನ್ನು ನಿಧಾನ ಬಿಡುತ್ತಿದ್ದರು. ಯಾರು ಮಾತಾಡಿಸಿದರೂ ಉತ್ತರವಿಲ್ಲ. ಎದುರುಮನೆಯ ತಮಿಳು ಮಾಮಿ ರಂಗೋಲಿ ಹಾಕಲು ಬಂದವಳು ಅದನ್ನು ನೋಡಿ ಬೆರಗಾದಳು. ಮೊದಲು ದೂರದಿಂದ ಕೈ ಮುಗಿದಳು, ಆಮೇಲೆ ಹತ್ತಿರ ಬಂದು ನಮಸ್ಕಾರ ಮಾಡತೊಡಗಿದಳು. ಇಂಥ ಪ್ರಾಣಾಯಾಮ ಹಿಮಾಲಯದಲ್ಲಿ ಬಿಟ್ಟರೆ ಪೆರಂಬೂರಿನಲ್ಲೇ ಎಂದು ಓಣಿಗೆಲ್ಲ ಸಾರಿದಳು. ಪರೀಕ್ಷೆಗೆ ಹೋಗುವ ಮಕ್ಕಳನ್ನು ತಾಯಂದಿರು ಆ ಹೊತ್ತಿಗೆ ಕರೆತಂದು ಅಜ್ಜಿಯ ಕಾಲಿಗೆ ಬೀಳಿಸುತ್ತಿದ್ದರು. ಅಜ್ಜಿ ಕಣ್ಣು ಮುಚ್ಚಿಯೇ ಇರುತ್ತಿದ್ದರು. ಆ ಮೌನಕ್ಕೆ ಅವರ ಕೀರ್ತಿ ಇನ್ನಷ್ಟು ಏರಿತು. ಆಫೀಸಿನಲ್ಲಿ ಅಪ್ಪನಿಗೂ ಅದರಿಂದ ಒಂದು ಗೌರವ ಬಂತು.

ಹೀಗೇ ಬೆಳೆದೆ. ಶಾಲೆ ಮುಗಿಯಿತು, ಸೀರೆ ಉಡಿಸಿದರು, ಅರವತ್ತರ ದಶಕ ಬಂತು. ಚಳಿ ಹೋಗಲಿಲ್ಲ. ಅಪ್ಪ ಗಂಡು ಹುಡುಕಲು ಶುರು ಮಾಡಿದರು. ಕುಂಭಕೋಣದ ಕಡೆ ನಮ್ಮಂತೆಯೇ ನೆಲೆಸಿದ್ದ ಕನ್ನಡದವರ ಮನೆಯ ಹುಡುಗನ ಜಾತಕ ಕೂಡಿಬಂತು. ಹುಡುಗ ಬ್ಯಾಂಕಿನಲ್ಲಿ. ದೊಡ್ಡ ಕೂಡುಕುಟುಂಬ, ಊರಿಗೇ ದೊಡ್ಡ ಆಚಾರವಂತರು. ಮೇ ತಿಂಗಳ ಒಂದು ದಿನ ಅವರು ಎಗ್ಮೋರಿನಲ್ಲಿ ರೈಲಿಳಿದು ಹೆಣ್ಣು ನೋಡಲು ಬಂದರು. ಹುಡುಗ, ಅವನ ಅಪ್ಪ, ಅಮ್ಮ.

ಆಚಾರವಂತರು ಬರುವ ಮನೆ ಆಚಾರದ ವಾಸನೆ ಹೊಡೆಯಬೇಡವೇ? ಬೆಳಗಿನಿಂದ ಮನೆಯ ಮೂಲೆಮೂಲೆಗೂ ಸಾಂಬ್ರಾಣಿ ಹಾಕಿದರು. ಒಂದು ಕಡೆ ಊದುಬತ್ತಿ, ಒಂದು ಕಡೆ ಧೂಪ. ಸಿಹಿಗೆ ಸೊಜ್ಜಿ, ಖಾರಕ್ಕೆ ಬಜ್ಜಿ, ಅದರ ಎಣ್ಣೆ ಕಾದು ಅಡುಗೆಮನೆಯಿಂದ ನೀಲಿ ಹೊಗೆ ಬೇರೆ. ನನ್ನ ಮುಖಕ್ಕೆ ಮಾಮಿ ಪೌಡರನ್ನು ಸುಣ್ಣ ಬಳಿದ ಹಾಗೆ ಬಳಿದು, ಮಿಕ್ಕಿದ್ದನ್ನು ಕತ್ತಿಗೆ ಉದುರಿಸಿದಳು. ಮುಡಿಗೆ ಮೊಳಗಟ್ಟಲೆ ಮಲ್ಲಿಗೆ. ನನ್ನ ಎದೆ ಹಜಾರಕ್ಕೆ ಬರುವ ಮೊದಲೇ ಸುಂಯ್ಗುಡಲು ಶುರು ಮಾಡಿತ್ತು. ಅಜ್ಜಿ ಒಳಕೋಣೆಯಲ್ಲೇ ಉಳಿದರು. ತಲೆ ಬೋಳಿಸಿದ ಹೆಂಗಸು ಶುಭಕಾರ್ಯಕ್ಕೆ ಎದುರಾಗಬಾರದು, ಆ ನಿಯಮವನ್ನು ಮನೆಯಲ್ಲಿ ಎಲ್ಲರಿಗಿಂತ ಬಿಗಿಯಾಗಿ ನಡೆಸಿದವರು ಅವರೇ.

ಕಾಫಿ ಕೊಟ್ಟೆ. ಹುಡುಗನ ಅಮ್ಮ ಬಜ್ಜಿ ಮುರಿಯುತ್ತ, "ಎಲ್ಲಿ, ಒಂದು ದೇವರನಾಮ ಹೇಳಮ್ಮ" ಎಂದರು. ಶುರು ಮಾಡಿದೆ. ಮೊದಲ ಸಾಲಿನ ಅರ್ಧಕ್ಕೇ ಉಸಿರು ಮುಗಿಯಿತು. ಎರಡನೆಯ ಸಲ ಎತ್ತಿಕೊಂಡರೆ ದನಿಯ ಬದಲು ಸುಂಯ್ ಎಂಬ ಸದ್ದೊಂದೇ ಹೊರಟಿತು. ನಾಚಿಕೆ, ಭಯ ಎರಡನ್ನೂ ಮೀರಿ ಗಾಳಿ ಬೇಕೆನಿಸಿತು. ಎರಡೂ ಅಂಗೈ ಮೊಣಕಾಲ ಮೇಲೆ ಊರಿ, ಭುಜ ಎತ್ತಿ, ಮುಂದಕ್ಕೆ ಬಾಗಿ, ತುಟಿ ಮೊನಚು ಮಾಡಿ ಉಸಿರಿಗಾಗಿ ಒದ್ದಾಡುತ್ತ ಕೂತೆ.

"ಏನಾಯ್ತು ಮಗೂಗೆ?" ಎಂದರು ಹುಡುಗನ ಅಮ್ಮ.

"ಏನಿಲ್ಲ, ಸ್ವಲ್ಪ ಚಳಿ" ಎಂದರು ಅಪ್ಪ, ಪಂಚೆಯ ತುದಿಯಿಂದ ಹಣೆಯ ಬೆವರು ಒರೆಸಿಕೊಳ್ಳುತ್ತ.

"ಚಳಿಯಾ? ಮೇ ತಿಂಗಳಲ್ಲಾ?"

ಆಗ ಬಾಗಿಲಲ್ಲಿ ನಿಂತಿದ್ದ ಮಾಮಿ ನನ್ನನ್ನು ನೋಡಿ ಎರಡೂ ಕೆನ್ನೆ ಮುಟ್ಟಿಕೊಂಡು, "ಅಪ್ಪಡಿಯೇ ಪಾಟ್ಟಿ ಮಾದಿರಿ!" ಎಂದಳು. ಥೇಟ್ ಅಜ್ಜಿಯ ಹಾಗೇ ಎಂದು. ಅಜ್ಜಿಯ ಪ್ರಾಣಾಯಾಮ, ಅವರ ತಪಸ್ಸು, ಓಣಿಯ ಮಕ್ಕಳು ಪಾಸಾದದ್ದು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಅವಳಿಗಾದರೂ ಉಸಿರು ಧಾರಾಳವಾಗಿತ್ತು. ಮುಳುಗುತ್ತಿದ್ದ ಅಪ್ಪ ಆ ಮಾತನ್ನು ಹಿಡಿದುಕೊಂಡರು. "ಹೌದು ಹೌದು. ಹುಡುಗಿ ದಿನಾ ಪ್ರಾಣಾಯಾಮ ಮಾಡ್ತಾಳೆ. ಅಜ್ಜಿಯೇ ಹೇಳಿಕೊಟ್ಟಿದ್ದು. ಹೊತ್ತಾದರೆ ಎಲ್ಲಿದ್ದರೂ ಸರಿ, ಕೂತುಬಿಡ್ತಾಳೆ."

ನಂಬಿದರು! ಹುಡುಗನ ಅಪ್ಪ ಕೈ ಮುಗಿದರು. ನಾನು ಸಾಯುತ್ತಿದ್ದೆ, ನನಗೆ ಕೈ ಮುಗಿದರು. ಹುಡುಗನ ಅಮ್ಮನ ಮುಖವರಳಿತು. "ಈ ಕಾಲದಲ್ಲಿ ಇಂಥ ಹುಡುಗಿ ಸಿಗೋದುಂಟಾ? ನಮ್ಮಂಥ ಮನೆಗೆ ಇಂಥೋಳೇ ಬೇಕು. ನಮ್ಮಲ್ಲಿ ಇವತ್ತಿಗೂ ಸೌದೆ ಒಲೆ, ಅದೂ ಜೋಡಿ ಒಲೆ. ಹಬ್ಬ ಹುಣ್ಣಿಮೆ ಅಂದರೆ ಊರಿನವರೆಲ್ಲ ನಮ್ಮಲ್ಲೇ ಎಲೆ ಹಾಕೋದು. ಬೆಳಿಗ್ಗೆ ಹೊತ್ತಿಸಿದ ಒಲೆ ಆರೋದೇ ಇಲ್ಲ. ನಮ್ಮ ಒಲೆ ಮುಂದೆ ಒಂದು ತಿಂಗಳು ಕೂತರೆ ಸಾಕು, ಚಳಿ ಗಿಳಿ ಎಲ್ಲಾ ಹಾರಿಹೋಗತ್ತೆ."

ಅಪ್ಪ ನಕ್ಕರು. ಅಮ್ಮ ಅಡುಗೆಮನೆಯ ಬಾಗಿಲು ಹಿಡಿದು ನಿಂತಿದ್ದಳು. ನನ್ನ ಕಣ್ಣಿಗೆ ಕಂಡದ್ದು ಜೋಡಿ ಒಲೆ ಮಾತ್ರ. ಬೇಡ ಎನ್ನಲು ಬಾಯಿ ತೆರೆದೆ, ಗಾಳಿ ಇರಲಿಲ್ಲ.

ಒಳಕೋಣೆಯ ಬಾಗಿಲು ತೆರೆಯಿತು. ಅಜ್ಜಿ ಬಂದರು. ಕೆಂಪು ಸೀರೆಯ ಸೆರಗನ್ನು ಬೋಳುತಲೆಯ ಮೇಲೆ ಎಳೆದುಕೊಂಡು, ನೇರವಾಗಿ ಹಜಾರದ ನಡುವೆ, ತಾಂಬೂಲದ ತಟ್ಟೆಯ ಮುಂದೆ ಬಂದು ನಿಂತರು. ಹುಡುಗನ ಅಮ್ಮ ಬಜ್ಜಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದರು. "ಅಮ್ಮ, ನೀನ್ಯಾಕೆ ಹೊರಗೆ..." ಎಂದು ಅಪ್ಪ ಎದ್ದರು.

"ನೀನು ಕೂತ್ಕೋ" ಎಂದರು ಅಜ್ಜಿ. ಆಮೇಲೆ ಹುಡುಗನ ಅಮ್ಮನ ಕಡೆ ತಿರುಗಿದರು. "ಇದು ಚಳಿಯೂ ಅಲ್ಲ, ಸಳಿಯೂ ಅಲ್ಲ. ಉಬ್ಬಸ. ನಂಗೂ ಅದೇ. ನಮ್ಮಪ್ಪ ನನ್ನನ್ನ ಕೊಡೋವಾಗ ಹುಡುಗಿಗೆ ಆಗಾಗ ನೆಗಡಿ ಆಗತ್ತೆ ಅಂದ. ಆ ನೆಗಡೀನ ಸೆರಗಲ್ಲಿ ಕಟ್ಕೊಂಡು ಜೋಡಿ ಒಲೆ ಊದಿದ್ದೀನಿ ನಾನು. ಊದಿ ಊದಿ ಉಸಿರು ಸಿಗದೆ ಜಗುಲಿಗೆ ಬಂದು ಕೂತರೆ ಪ್ರಾಣಾಯಾಮ ಅಂದರು. ಹೂಂ ಅಂದೆ. ಇನ್ನೇನು ಅನ್ನಲಿ? ಇವಳನ್ನ ನಿಮ್ಮ ಒಲೆ ಮುಂದೆ ಕೂರಿಸಲ್ಲ ನಾನು."

ಇಷ್ಟುದ್ದ ಮಾತಾಡಿ ಅವರಿಗೂ ಉಸಿರು ಸಿಕ್ಕಿಕೊಂಡಿತು. ನನ್ನ ಪಕ್ಕದಲ್ಲೇ ಕೂತು ಅಂಗೈಗಳನ್ನು ಮೊಣಕಾಲ ಮೇಲೆ ಊರಿದರು. ಹಜಾರದಲ್ಲಿ ಈಗ ಎರಡು ಎದೆಗಳ ಸದ್ದು. ನನ್ನದು ಯಾವುದು ಅವರದು ಯಾವುದು ಎಂದು ನನಗೇ ತಿಳಿಯಲಿಲ್ಲ.

ಬೀಗರಾಗಬೇಕಿದ್ದವರು ಆಚಾರವಂತರಲ್ಲವೇ, ಎಲೆಯಲ್ಲಿದ್ದ ಸೊಜ್ಜಿಯನ್ನು ಪೂರ್ತಿ ಮುಗಿಸಿ, ಕೈ ತೊಳೆದು, ಊರಿಗೆ ಹೋಗಿ ಬರೆಯುತ್ತೇವೆ ಎಂದು ಎದ್ದರು. ಹುಡುಗ ಒಮ್ಮೆ ತಿರುಗಿ ನೋಡಿದ. ಅವನ ಅಮ್ಮ ಅವನ ತೋಳು ಹಿಡಿದಿದ್ದರು. ಅವರು ಬರೆಯಲಿಲ್ಲ. ಅಪ್ಪ ತಲೆ ಮೇಲೆ ಕೈ ಹೊತ್ತು ಕೂತರು. "ಮೊದಲೇ ಹೇಳಬಾರದಿತ್ತೇನಮ್ಮ? ಬಜ್ಜಿಯಾದರೂ ಮಾಡಿಸ್ತಿರಲಿಲ್ಲ" ಎಂದರು.

ಅಜ್ಜಿ ಅಮ್ಮನ ಕಡೆ ನೋಡಿ, "ಜನ್ನಲ್ ತೆಗಿಯೇ" ಎಂದರು.

ನನ್ನ ಕೋಣೆಯ ಜನ್ನಲ್ ತೆಗೆಯುವುದು ಸುಲಭವಾಗಿರಲಿಲ್ಲ. ಮರ ಉಬ್ಬಿತ್ತು, ಸಂದಿಯ ಪಂಚೆ ಮಸಿ ಕುಡಿದು ಗೋಡೆಯ ಜೊತೆ ಒಂದಾಗಿತ್ತು. ಅಮ್ಮ ಹಾರೆಕೋಲು ಹುಡುಕಲಿಲ್ಲ. ಊದುಗೊಳವೆ ತಂದು, ಇಷ್ಟು ವರ್ಷದ ಸಿಟ್ಟನ್ನೆಲ್ಲ ಸೇರಿಸಿ ಅದರಿಂದಲೇ ಹೊಡೆದಳು. ಕಿಟಕಿ ಧಡಾರೆಂದು ತೆರೆಯಿತು. ಒಳಗಿದ್ದ ಸಾಂಬ್ರಾಣಿ ಹೊರಗೆ ಹೊರಟಿತು. ಅದೇ ಹೊತ್ತಿಗೆ ಹಿಂದಿನ ಹಳಿಯ ಮೇಲೆ ಇಂಜಿನ್ನೊಂದು ಬುಸುಗುಟ್ಟಿ, ಕರಿ ಹೊಗೆಯ ಮುದ್ದೆಯೊಂದು ಒಳಗೆ ಬಂತು. ಅಮ್ಮ ಅಪ್ಪನ ಮುಖ ನೋಡಿದಳು. ಅಪ್ಪ ಎದ್ದು ಟವಲಿನಿಂದ ಗವರ್ನ್‌ಮೆಂಟ್ ಹೊಗೆಯನ್ನು ಬೀಸಿ ಬೀಸಿ ಹೊರಗೆ ಅಟ್ಟಿದರು. ಸಂಜೆ ಅದೇ ಡಾಕ್ಟರು ಬಂದರು. ವಯಸ್ಸಾಗಿತ್ತು. ತಾವು ಕಾಫಿಯ ಜೊತೆ ನುಂಗಿದ್ದ ಮಾತನ್ನು ಈ ಸಲ ಪೂರ್ತಿ ಹೇಳಿದರು. ನನ್ನ ಹಾಸಿಗೆ ಅಡುಗೆಮನೆಯ ಪಕ್ಕದ ಕೋಣೆಯಿಂದ ಮುಂದಿನ ಹಜಾರಕ್ಕೆ ಬಂತು, ಕಂಬಳಿ ಪೆಟ್ಟಿಗೆಗೆ ಹೋಯಿತು, ಸ್ಟೌ ಬಂದು ಅಮ್ಮನ ಕಣ್ಣು ಒಣಗಿತು.

ಅಜ್ಜಿಯನ್ನು ನಾನು ಕೇಳಿದೆ. ಕೇಳದೆ ಇರಲಾಗಲಿಲ್ಲ. "ನಿಮಗೆ ಮೊದಲಿಂದ ಗೊತ್ತಿತ್ತಲ್ಲ ಅಜ್ಜಿ. ಹೆಸರು ಮುಚ್ಚಿಟ್ಟಿದ್ದು ಸರಿ. ಆ ಕೆಂಡ, ಆ ಸಾಂಬ್ರಾಣಿ, ಆ ಭೋಗಿ ಬೆಂಕಿ, ಅದೆಲ್ಲ ಯಾಕೆ?"

ಅಜ್ಜಿ ಹೊಸೆಯುತ್ತಿದ್ದ ಬತ್ತಿಯನ್ನು ತಟ್ಟೆಗೆ ಹಾಕಿದರು. "ಚಳಿ ಅಂದ ಮೇಲೆ ಚಳಿಗೆ ಮಾಡೋದನ್ನ ಮಾಡಬೇಕಲ್ಲೇ. ಮಾಡದಿದ್ದರೆ ಜನ ನಂಬ್ತಾರಾ? ಹೇಳ್ತಾ ಹೇಳ್ತಾ ನಾನೇ ನಂಬಿಬಿಟ್ಟೆ" ಎಂದರು. ನನಗೆ ಅವರನ್ನು ಬೈಯಬೇಕೆನ್ನಿಸಿತು, ಅಪ್ಪಿಕೊಳ್ಳಬೇಕೆನ್ನಿಸಿತು. ಮಡಿಯಲ್ಲಿದ್ದರು, ಅಪ್ಪಿಕೊಳ್ಳುವಂತಿರಲಿಲ್ಲ. ಬೈಯುವುದನ್ನೂ ಬಿಟ್ಟೆ. ಅವರು ಮಾತ್ರ ತಮ್ಮ ಮಡಿಯಡುಗೆಯನ್ನು ಸೌದೆ ಒಲೆಯಲ್ಲೇ ಮುಂದುವರಿಸಿದರು. ಅಮ್ಮ ಎಷ್ಟು ಬೇಡಿಕೊಂಡರೂ, "ನನ್ನನ್ನ ಇನ್ನು ಯಾವ ಗಂಡು ನೋಡೋಕೆ ಬರಬೇಕು" ಎಂದು ನಗುತ್ತಿದ್ದರು. ಆ ನಗು ಅರ್ಧಕ್ಕೇ ಕೆಮ್ಮಾಗುತ್ತಿತ್ತು.

ಹೆಣ್ಣು ನೋಡಲು ಬಂದವರು ಹೋದ ಮಾರನೆಯ ಬೆಳಿಗ್ಗೆ ನನಗೂ ಉಸಿರು ಹಿಡಿದಿತ್ತು. ಒಳಗಿರಲಾರದೆ ಜಗುಲಿಗೆ ಬಂದರೆ ಅಜ್ಜಿ ಆಗಲೇ ಕೂತಿದ್ದರು. ಪಕ್ಕದಲ್ಲಿ ಕೂತೆ. ಇಬ್ಬರೂ ಅಂಗೈ ಊರಿ, ಮುಂದಕ್ಕೆ ಬಾಗಿ, ಒಂದೇ ಲಯದಲ್ಲಿ ಗಾಳಿಯನ್ನು ಸ್ವಲ್ಪ ಸ್ವಲ್ಪವೇ ಸಾಲ ತಂದುಕೊಳ್ಳುತ್ತಿದ್ದೆವು. ಹಾಲಿನವನ ಗಂಟೆ ಕೇಳಿಸಿತು. ಮಾಮಿ ರಂಗೋಲಿ ಮುಗಿಸಿ, ಕೈಯ ಹಿಟ್ಟು ಒರೆಸಿಕೊಂಡು ಎಂದಿನಂತೆ ನಮಸ್ಕಾರಕ್ಕೆ ಬಂದಳು. ಹಿಂದಿನ ದಿನದ ಮಾತುಗಳೆಲ್ಲ ಅವಳ ಕಿವಿಗೆ ಬಿದ್ದಿದ್ದವು, ಆದರೂ ಬಂದಳು. ಅಜ್ಜಿ ಮೊದಲ ಸಲ ಕಣ್ಣು ತೆರೆದು ಅವಳನ್ನು ನೋಡಿದರು. ತಮ್ಮ ಆ ಚೊಕ್ಕ ತಮಿಳಿನಲ್ಲಿ, ಒಂದೊಂದೇ ಮಾತಿಗೆ ನಿಂತು ನಿಂತು, "ಇದು ತಪಸ್ಸಲ್ಲಮ್ಮ, ಇಳುಪ್ಪು" ಎಂದರು.

ಮಾಮಿ ಕೇಳಿಸಿಕೊಂಡಳು. ಆಮೇಲೆ ಬಗ್ಗಿ ನಮಸ್ಕಾರ ಮಾಡಿದಳು, ಈ ಸಲ ಇಬ್ಬರಿಗೂ.